ರೈಲು ಮಲಗಿದ ಮೇಲೆ ಮಾತಾಡಿದ ಚಿತ್ರ

ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ದ ಬಗ್ಗೆ ಬರೆದವರೆಲ್ಲ ಒಂದು ಸಂಗತಿಯನ್ನು ಒಂದೇ ಸಾಲಿನಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ಅದರ ಬಹುಪಾಲು ಚಿತ್ರೀಕರಣ ನಡೆದದ್ದು ರಾತ್ರಿ ಒಂದರಿಂದ ನಾಲ್ಕರ ನಡುವೆ, ಯಾಕೆಂದರೆ ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ ಇತ್ತು. ಇಷ್ಟೇ. 1931ರ ಮಾರ್ಚ್ 14ರ ಬಿಡುಗಡೆ, ಮುಂಬೈಯ ಗಿರಗಾಂವ್‌ನ ಮೆಜೆಸ್ಟಿಕ್ ಟಾಕೀಸು, ನಾಲ್ಕಾಣೆ ಟಿಕೆಟ್ಟು ಕಾಳಸಂತೆಯಲ್ಲಿ ನಾಲ್ಕೈದು ರೂಪಾಯಿಗೆ ಹೋದದ್ದು, ನೂಕುನುಗ್ಗಲು ತಡೆಯಲು ಪೊಲೀಸರು ಬಂದದ್ದು ಇವೆಲ್ಲ ಎಲ್ಲ ಕಡೆ ಸಿಗುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹಳಿಯ ಮಾತು.

ಜಾಗ ಇಂದಿಗೂ ಗುರುತು ಸಿಗುವಂಥದ್ದು. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ, ಹಳಿಗಳ ಮೇಲೆ ಹಾದುಹೋಗುವ ಕೆನಡಿ ಬ್ರಿಜ್‌ನ ಆಸುಪಾಸು. ಜ್ಯೋತಿ ಸ್ಟುಡಿಯೋ ಎಂದು ಹೆಸರಾದದ್ದು ಅಲ್ಲೇ. ಅಲ್ಲಿನ ಬಿ.ಬಿ.ಸಿ.ಐ. (ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ) ರೈಲ್ವೆ ಲೈನಿನಲ್ಲಿ 1928ರಿಂದಲೇ ವಿದ್ಯುತ್ ಲೋಕಲ್‌ಗಳು ಓಡುತ್ತಿದ್ದವು. ಮೂಕಿಚಿತ್ರದ ಕಾಲದಲ್ಲಿ ಈ ಗಾಡಿಗಳು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಕ್ಯಾಮರಾ ಎತ್ತ ಮುಖ ಮಾಡಿದೆಯೋ ಅಷ್ಟೇ ಅದರ ಲೋಕ. ಹಿಂದೆ ರೈಲು ಹೋದರೇನು, ಹಡಗು ಹೋದರೇನು.

ಮೈಕ್ ಬಂದ ದಿನ ಈ ಸುಖ ಮುಗಿಯಿತು.

ಶಬ್ದವೆಂದರೆ ಗಾಳಿಯಲ್ಲಿ ಸಾಗುವ ಒತ್ತಡದ ಏರಿಳಿತ. ಸಂಜೆಯ ಲೋಕಲ್‌ನಲ್ಲಿ ಬಾಗಿಲ ಬಳಿ ಒಬ್ಬರು ತಳ್ಳಿದರೆ ಆ ತಳ್ಳು ಒಬ್ಬರಿಂದೊಬ್ಬರಿಗೆ ದಾಟಿ ಡಬ್ಬಿಯ ಆಚೆ ಕೊನೆ ಮುಟ್ಟುತ್ತದಲ್ಲ, ಜನ ಮಾತ್ರ ನಿಂತಲ್ಲೇ ನಿಂತಿರುತ್ತಾರೆ. ಗಾಳಿಯ ಕಣಗಳೂ ಹಾಗೆಯೇ ನಿಂತಲ್ಲೇ ಹಿಂದೆ ಮುಂದೆ ತೂಗುತ್ತವೆ, ಸಾಗುವುದು ತಳ್ಳು ಮಾತ್ರ. ಮುಂಬೈಯ 30 ಡಿಗ್ರಿ ಸೆಕೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ಹಳಿಯ ಉಕ್ಕಿನಲ್ಲಾದರೆ ಸೆಕೆಂಡಿಗೆ ಐದು ಕಿಲೋಮೀಟರ್‌ಗೂ ಹೆಚ್ಚು. ಗಾಡಿಯ ಅದುರು ಹಳಿಯಿಂದ ನೆಲಕ್ಕೆ, ನೆಲದಿಂದ ಕಟ್ಟಡದ ಅಡಿಪಾಯಕ್ಕೂ ಇಳಿಯುತ್ತದೆ.

ಗೋಡೆ ಕಟ್ಟಿ ತಡೆಯಬಹುದಿತ್ತಲ್ಲ ಎನ್ನಿಸುತ್ತದೆ. ಬೆಳಕಾದರೆ ಒಂದು ಕಪ್ಪು ಪರದೆಗೇ ಸೋಲುತ್ತದೆ, ಅದರ ಅಲೆಯ ಉದ್ದ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಗಾಡಿಯ ಗುಡುಗು ಬೇರೆ ಜಾತಿಯದು. ಸೆಕೆಂಡಿಗೆ 100 ಸಲ ಕಂಪಿಸುವ ಸದ್ದಿನ ಅಲೆಯ ಉದ್ದ ಮೂರೂವರೆ ಮೀಟರ್. ಅಷ್ಟು ದೊಡ್ಡ ಅಲೆ ಬಾಗಿಲ ಅಂಚನ್ನು, ಗೋಡೆಯ ಮೂಲೆಯನ್ನು, ಸೂರಿನ ಸಂದನ್ನು ಬಳಸಿಕೊಂಡು ಒಳಗೆ ಬರುತ್ತದೆ. ಹಗುರ ಗೋಡೆಯಾದರೆ ಗೋಡೆಯನ್ನೇ ಅದುರಿಸಿ ಬರುತ್ತದೆ. ಅದನ್ನು ತಡೆಯಲು ಭಾರವಾದ ಜೋಡಿ ಗೋಡೆ ಬೇಕು, ನಡುವೆ ಗಾಳಿಯ ತೆರವು ಬೇಕು. ಅಂಥ ಅಂಕಣ ಆಗ ಈ ಚಿತ್ರ ತಯಾರಿಸಿದ ಇಂಪೀರಿಯಲ್ ಕಂಪನಿಯ ಅರ್ದೇಶಿರ್ ಇರಾನಿಯವರ ಬಳಿ ಇರಲಿಲ್ಲ.

ಕಟ್ಟಿಸುವ ವ್ಯವಧಾನವೂ ಇರಲಿಲ್ಲ. ಇರಾನಿ ಎಕ್ಸೆಲ್ಸಿಯರ್ ಟಾಕೀಸಿನಲ್ಲಿ ‘ಶೋ ಬೋಟ್’ ಎಂಬ ಅಮೆರಿಕದ ಚಿತ್ರ ನೋಡಿ ಬಂದು ಈ ಸಾಹಸಕ್ಕೆ ಇಳಿದವರು. ಅತ್ತ ಕಲ್ಕತ್ತೆಯ ಮದನ್ ಥಿಯೇಟರ್ಸ್‌ನವರು ‘ಶಿರೀನ್ ಫರ್ಹಾದ್’ ಎಂಬ ವಾಕ್ಚಿತ್ರ ತಯಾರಿಸುತ್ತಿದ್ದರು. ಹಾಗಾಗಿ ಇಲ್ಲಿನ ಕೆಲಸವೆಲ್ಲ ಗುಟ್ಟಾಗಿ ನಡೆಯಿತು. ಟಾನಾರ್ ಧ್ವನಿಯಂತ್ರವನ್ನು ಜೋಡಿಸಲು ವಿಲ್ಫರ್ಡ್ ಡೆಮಿಂಗ್ ಎಂಬ ಅಮೆರಿಕದ ತಂತ್ರಜ್ಞ ಬಂದರು. ದಿನಕ್ಕೆ 100 ರೂಪಾಯಿ ಸಂಬಳ. ಇಡೀ ಚಿತ್ರದ ಖರ್ಚೇ ಸುಮಾರು 40,000 ಎಂದ ಮೇಲೆ ಅದು ಸಣ್ಣ ಮೊತ್ತವಲ್ಲ. ಇರಾನಿ ಮತ್ತು ಅವರ ಸ್ಟುಡಿಯೋ ನೋಡಿಕೊಳ್ಳುತ್ತಿದ್ದ ವಕೀಲ ರುಸ್ತಮ್ ಭರೂಚಾ ಡೆಮಿಂಗ್‌ರಿಂದಲೇ ತಿಂಗಳೊಪ್ಪತ್ತಿನಲ್ಲಿ ಕೆಲಸ ಕಲಿತು ಧ್ವನಿಮುದ್ರಣಕ್ಕೆ ತಾವೇ ಕುಳಿತರು. ಈ ಇಬ್ಬರ ಮೇಲೆ ನನಗೆ ಬಹಳ ಗೌರವ. ನಾಯಕ ಮಾಸ್ಟರ್ ವಿಠ್ಠಲ್ ಕರಾರು ಮುರಿದರೆಂದು ಹಳೆಯ ಕಂಪನಿ ಕೋರ್ಟಿಗೆಳೆದದ್ದು, ಅವರ ಪರವಾಗಿ ಮಹಮದಲಿ ಜಿನ್ನಾ ವಾದಿಸಿ ಗೆದ್ದದ್ದು ರಂಜನೀಯ ಕಥೆ, ನಿಜ. ಆದರೆ ಮಧ್ಯರಾತ್ರಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗಾಡಿ ನಿಂತಿತೇ ಎಂದು ಆಲಿಸಿದವರ ಕಥೆ ಅದಕ್ಕಿಂತ ದೊಡ್ಡದು.

ಅವರ ಕಷ್ಟ ನೋಡಿ. ಶಬ್ದ ಎಲ್ಲ ದಿಕ್ಕಿಗೂ ಹರಡುತ್ತ ಹೋಗುವುದರಿಂದ ದೂರ ಇಮ್ಮಡಿಯಾದರೆ ತೀವ್ರತೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ನಟಿ ಜುಬೇದಾ ಮೈಕಿನಿಂದ ಒಂದು ಮೀಟರ್ ದೂರದಲ್ಲಿದ್ದವರು ಎರಡು ಮೀಟರ್ ದೂರಕ್ಕೆ ಸರಿದರೆ ದನಿ ಅಷ್ಟು ಕುಗ್ಗಿತು. ಮೈಕನ್ನು ಬಾಯಿಯ ಹತ್ತಿರ ಇಟ್ಟರೆ ಚಿತ್ರದಲ್ಲಿ ಕಾಣುತ್ತದೆ, ಆದ್ದರಿಂದ ಮರೆಯಲ್ಲಿ ಅಡಗಿಸಿದರು. ಮರೆ ಎಂದರೆ ದೂರ. ದೂರದ ದನಿಯನ್ನು ಯಂತ್ರದಲ್ಲಿ ಹಿಗ್ಗಿಸಿದರೆ ಅದರ ಜೊತೆ ಗಾಡಿಯ ಸದ್ದೂ ಅಷ್ಟೇ ಹಿಗ್ಗುತ್ತದೆ. ಹಳಿಯ ಪಕ್ಕ ವಾಸವಿರುವವರ ಮಿದುಳು ಗಾಡಿಯ ಸದ್ದನ್ನು ಬದಿಗಿಟ್ಟು ಮನೆಯವರ ಮಾತನ್ನು ಆರಿಸಿಕೊಳ್ಳುತ್ತದೆ. ಮೈಕಿಗೆ ಆ ಆಯ್ಕೆ ಗೊತ್ತಿಲ್ಲ.

ಮೇಲಾಗಿ ಚಿತ್ರವೂ ಧ್ವನಿಯೂ ಒಂದೇ ಫಿಲ್ಮಿನ ಮೇಲೆ ಮೂಡುವ ವ್ಯವಸ್ಥೆ ಅದು. ಮೈಕಿನ ವಿದ್ಯುತ್ತು ಬೆಳಕನ್ನು ಕುಣಿಸಿ ಫಿಲ್ಮಿನ ಅಂಚಿನಲ್ಲಿ ಸಣ್ಣ ಪಟ್ಟಿಯಾಗಿ ಅಚ್ಚೊತ್ತುತ್ತಿತ್ತು. ಆಮೇಲೆ ಡಬ್ ಮಾಡುವ ಮಾತಿಲ್ಲ. ಸಿಳ್ಳೆ ಬಿತ್ತೋ, ಆ ಶಾಟೇ ಹೋಯಿತು. ಏಳು ಹಾಡುಗಳನ್ನೂ ಅಲ್ಲೇ ನಿಂತು ಹಾಡಿದರು. ಫಕೀರನ ವೇಷದ ವಜೀರ್ ಮಹಮ್ಮದ್ ಖಾನ್ ಹಾಡುವಾಗ ವಾದ್ಯದವರು ಕ್ಯಾಮರಾದ ಕಣ್ಣಿಗೆ ಬೀಳದಂತೆ ಕುಳಿತಿದ್ದರು.

ರಾತ್ರಿಯೂ ಪೂರಾ ಸ್ನೇಹಿತನಲ್ಲ. ಹಗಲು ನೆಲದ ಬಳಿಯ ಗಾಳಿ ಬಿಸಿಯಾಗಿರುವುದರಿಂದ ಶಬ್ದ ಮೇಲಕ್ಕೆ ಬಾಗಿ ಹೋಗುತ್ತದೆ. ನಿರ್ಮಲ ರಾತ್ರಿಗಳಲ್ಲಿ ನೆಲ ತಣಿದು ಕೆಳಗಿನ ಗಾಳಿ ತಂಪು, ಮೇಲಿನದು ಬೆಚ್ಚಗೆ. ಆಗ ಶಬ್ದ ಕೆಳಕ್ಕೆ ಬಾಗಿ ದೂರದೂರಕ್ಕೆ ಕೇಳಿಸುತ್ತದೆ. ಹಗಲು ಕೇಳದ ದೂರದ ಸಿಳ್ಳೆ ರಾತ್ರಿ ಕೇಳುವುದು ಬರೀ ನಿಶ್ಶಬ್ದದಿಂದಲ್ಲ. ಗಾಡಿಗಳೇ ನಿಂತ ಆ ಮೂರು ತಾಸು ಬಿಟ್ಟರೆ ಇರಾನಿಯವರಿಗೆ ಬೇರೆ ದಾರಿ ಇರಲಿಲ್ಲ.

ಇಷ್ಟು ಜತನದಿಂದ ಹಿಡಿದ ಆ ಧ್ವನಿ ಇಂದು ಇಲ್ಲ. 124 ನಿಮಿಷದ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಸ್ಥಿರಚಿತ್ರ, ಜಾಹೀರಾತು ಇವೆ, ದನಿ ಇಲ್ಲ. ಹಾಡುಗಳು ಗ್ರಾಮಫೋನ್ ತಟ್ಟೆಯಾಗಿಯೂ ಬರಲಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಅದನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಹುಡುಕಿ ಹೋಗುವ ಹೊತ್ತಿಗೆ ಕಾಲ ಮಿಂಚಿತ್ತು. ಹಳೆಯ ಫಿಲ್ಮನ್ನು ಕರಗಿಸಿ ಬೆಳ್ಳಿ ತೆಗೆಯುತ್ತಿದ್ದ ಕಾಲ ಅದು. ಇದಕ್ಕೂ ಹಿಂದಿನ, 1913ರ ಮೂಕಿಚಿತ್ರ ‘ರಾಜಾ ಹರಿಶ್ಚಂದ್ರ’ದ ಕೆಲಭಾಗವಾದರೂ ನೋಡಲು ಸಿಗುತ್ತದೆ. ಮಾತಿಗಾಗಿಯೇ ಹುಟ್ಟಿದ ಚಿತ್ರದ ಒಂದು ಮಾತೂ ಸಿಗದು ಎಂಬುದು ನನಗೆ ಸಹಿಸಲಾಗದ ಸಂಗತಿ.

ಕನ್ನಡದವರಾದ ನಾವು ಬೇರೆಯವರನ್ನು ದೂರುವ ಹಾಗೂ ಇಲ್ಲ. ‘ಆಲಂ ಆರಾ’ ಬಂದ ಸುಮಾರು ಮೂರು ವರ್ಷದ ಬಳಿಕ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ವೈ.ವಿ. ರಾವ್ ‘ಸತಿ ಸುಲೋಚನಾ’ ಚಿತ್ರೀಕರಿಸಿದರು. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ಕನ್ನಡ ಮೊದಲ ಬಾರಿ ತೆರೆಯ ಮೇಲೆ ಮಾತಾಡಿತು. ರಾವಣನಾಗಿ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು ಆಡಿದ ಆ ಮಾತುಗಳ ಪ್ರತಿಯೂ ಯಾರ ಬಳಿಯೂ ಇಲ್ಲ.