ಪಾರಿತೋಷಕವು ಯಾರಿಗೆ ಸಲ್ಲತಕ್ಕದ್ದು?

ಅಮೇರಿಕಾದ ಕಾಲೇಜು ತರುಣಿಯರ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ವರ್ಷದ ಶ್ರೇಷ್ಠ ಆಟಗಾರ್ತಿಯನ್ನಾರಿಸಿ ನೈಸ್ಮಿತ್, ವುಡನ್ ಮೊದಲಾದ ಪಾರಿತೋಷಕಗಳನ್ನು ಕೊಡುವ ಪದ್ಧತಿಯುಂಟು. 2024ರಲ್ಲಿ ಇವೆರಡೂ ಅಯೋವಾದ ಕೇಟ್ಲಿನ್ ಕ್ಲಾರ್ಕಳ ಪಾಲಾದುವು. ಆದರೆ ಅದೇ ವರ್ಷ ಸೌತ್ ಕೆರೊಲೈನಾ ಪಂಗಡವು ತಾನಾಡಿದ 38 ಪಂದ್ಯಗಳನ್ನೂ ಗೆದ್ದು, ಅಂತಿಮ ಪಂದ್ಯದಲ್ಲಿ ಅಯೋವಾವನ್ನೇ 87–75ರಿಂದ ಸೋಲಿಸಿತು. ಸೋಲನ್ನೇ ಅರಿಯದ ಪಂಗಡದಲ್ಲಿ ಶ್ರೇಷ್ಠೆಯೊಬ್ಬಳೂ ಇರಲಿಲ್ಲವೇ ಎಂಬ ವಾದವು ಹುಟ್ಟುವುದು ಸಹಜವೇ ಸರಿ.

ಕ್ಲಾರ್ಕಳು ಪಂದ್ಯವೊಂದಕ್ಕೆ ಸರಾಸರಿ 31.6 ಅಂಕಗಳನ್ನು ಗಳಿಸಿದಳು; ಅದಲ್ಲದೆ ಒಡನಾಡಿಗಳ ಕೈಗೆ ತಕ್ಕ ಸಮಯದಲ್ಲಿ ಚೆಂಡನ್ನೊದಗಿಸಿ ಸುಮಾರು 9 ಸಲ ಅವರ ಅಂಕಗಳಿಗೂ ಕಾರಣಳಾದಳು. ಈ ಎರಡನೆಯ ಗುಣವನ್ನು ನಾವು ಮೊದಲನೆಯದಕ್ಕಿಂತ ಹೆಚ್ಚೆಂದು ಎಣಿಸುವೆವು. ಸೌತ್ ಕೆರೊಲೈನಾದ ಬಲವಾದರೋ ಹಲವರಲ್ಲಿ ಹಂಚಿಹೋಗಿದ್ದಿತು. ಅಂತಿಮ ಪಂದ್ಯದಲ್ಲಿ ಅದರ ಬದಲಿ ಆಟಗಾರ್ತಿಯರೇ 37 ಅಂಕಗಳನ್ನು ತಂದರು. ಅಯೋವಾದ ಬದಲಿಯವರದು ಸೊನ್ನೆ. ಪಲ್ಲಕ್ಕಿಯನ್ನು ಹಲವರು ಹೊತ್ತಿರಲು ಇಂಥವಳ ಹೆಗಲೇ ಬಲವಾದುದೆಂದು ಹೇಳುವುದೆಂತು?

ಆದಕಾರಣ ವರ್ಷದ ಪಾರಿತೋಷಕವು ಕ್ಲಾರ್ಕಳಿಗೆ ಸಂದುದು ನ್ಯಾಯವೆಂದೇ ನಮ್ಮ ಮತ. ಆದರೆ ಅಂಕಗಳನ್ನೇ ಎಣಿಸುವ ಕಣ್ಣಿಗೆ, ಎದುರಾಳಿಯನ್ನು ತಡೆದು ಮರುಪುಟಿದ ಚೆಂಡನ್ನು ಕೈವಶಮಾಡಿಕೊಳ್ಳುವವಳು ಕಾಣುವುದು ಕಷ್ಟ. ಆ ಅಂತಿಮ ಪಂದ್ಯದಲ್ಲಿ ಕಮಿಲ್ಲಾ ಕಾರ್ಡೋಸೊ ಅಂಥ ಚೆಂಡನ್ನು 17 ಸಲ ಹಿಡಿದಳು. ಕೊನೆಯ ಸುತ್ತಿನ ಶ್ರೇಷ್ಠ ಆಟಗಾರ್ತಿಯೆಂಬ ಗೌರವವು ಆಕೆಗೆ ದೊರೆಯಿತು. ಅದನ್ನೂ ನಾವು ಸಂತೋಷದಿಂದ ಒಪ್ಪುತ್ತೇವೆ.