ಹತ್ತುವ ಗೋಡೆ, ಹಾಸುವ ಚಾಪೆ

ಅಮೆರಿಕದ ಸ್ಯಾನ್ ಡಿಯಾಗೋ ಕೌಂಟಿಯ ಉತ್ತರ ಭಾಗದಲ್ಲಿ, 15ನೇ ಅಂತರರಾಜ್ಯ ಹೆದ್ದಾರಿಯ ಪಶ್ಚಿಮಕ್ಕಿರುವ ಫೋರ್ ಎಸ್ ರ್ಯಾಂಚ್ ಒಂದು ಕಾಲದಲ್ಲಿ ದನಗಳ ಹುಲ್ಲುಗಾವಲಾಗಿದ್ದು, ಇಂದು ತಂತ್ರಜ್ಞಾನದ ಉದ್ಯೋಗಗಳಿಗಾಗಿ ಬಂದ ಅನೇಕ ಭಾರತೀಯ ಕುಟುಂಬಗಳು ನೆಲೆಸಿರುವ ಬಡಾವಣೆಯಾಗಿದೆ. ಇಲ್ಲಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದಾದ ಮೀರಾ ಮೆಸಾ ಕಡೆಯಲ್ಲಿ, ತಾನು ನಿಂತಿರುವ ರಸ್ತೆಯ ಹೆಸರನ್ನೇ ಹೊತ್ತ ‘ಮೆಸಾ ರಿಮ್’ ಎಂಬ ಒಳಾಂಗಣ ಕ್ಲೈಂಬಿಂಗ್ ಜಿಮ್ 2010ರಲ್ಲಿ ಆರಂಭವಾಯಿತು. ಸ್ಯಾನ್ ಡಿಯಾಗೋ ನಗರದ್ದೇ ಆದ ‘ಗ್ರಾಟೋ’ ಎಂಬ ಇನ್ನೊಂದು ಕೇಂದ್ರವು ಯೋಗವನ್ನು ತನ್ನ ಹೆಸರಿನಲ್ಲಿಯೇ ಸೇರಿಸಿಕೊಂಡಿದೆ. ಬಂಡೆಯನ್ನು ಹೋಲುವ ಎತ್ತರದ ಕೃತಕ ಗೋಡೆಗಳನ್ನು ಸೂರಿನಡಿ ನಿಲ್ಲಿಸಿ, ಅವುಗಳನ್ನು ಕೈಕಾಲುಗಳಿಂದ ಹತ್ತುವುದನ್ನು ಕಲಿಸುವ ವ್ಯಾಯಾಮಶಾಲೆಯೇ ಕ್ಲೈಂಬಿಂಗ್ ಜಿಮ್. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಇಂತಹ ಅನೇಕ ಜಿಮ್‌ಗಳ ಒಂದು ಕೋಣೆಯಲ್ಲಿ ಯೋಗದ ತರಗತಿಗಳು ನಡೆಯುತ್ತವೆ. ಮೇಲ್ನೋಟಕ್ಕೆ ಸಂಬಂಧವೇ ಇಲ್ಲದಂತೆ ಕಾಣುವ ಈ ಎರಡು ಅಭ್ಯಾಸಗಳು ಜೊತೆಯಾದುದಕ್ಕೆ ದೇಹದ ಕಾರಣಗಳೂ ಇವೆ, ಇತಿಹಾಸದ ಕಾರಣಗಳೂ ಇವೆ. ಆ ಇತಿಹಾಸದ ಒಂದು ಎಳೆ ನೇರವಾಗಿ ಮೈಸೂರಿಗೆ ಬಂದು ಸೇರುತ್ತದೆ.

ಗೋಡೆಯ ಹುಟ್ಟು

ಪರ್ವತಾರೋಹಿಗಳು ಮಳೆಗಾಲ, ಚಳಿಗಾಲಗಳಲ್ಲಿ ತಮ್ಮ ಅಭ್ಯಾಸ ತಪ್ಪಬಾರದೆಂದು ಕಂಡುಕೊಂಡ ಉಪಾಯವೇ ಕೃತಕ ಗೋಡೆ. 1964ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಡಾನ್ ರಾಬಿನ್ಸನ್ ಎಂಬ ಶಿಕ್ಷಕರು ಒಂದು ಕಾರಿಡಾರಿನ ಇಟ್ಟಿಗೆ ಗೋಡೆಗೆ ಕಲ್ಲಿನ ತುಂಡುಗಳನ್ನು ಕೂರಿಸಿ ಮಾಡಿದ ಪ್ರಯೋಗವನ್ನು ಈ ಬೆಳವಣಿಗೆಯ ಮೊದಲ ಹೆಜ್ಜೆಗಳಲ್ಲಿ ಒಂದೆಂದು ಎಣಿಸಲಾಗುತ್ತದೆ. ಅಮೆರಿಕದಲ್ಲಿ ಹಣ ಕೊಟ್ಟು ಹತ್ತುವ ಮೊದಲ ಜಿಮ್ 1987ರಲ್ಲಿ ಸಿಯಾಟಲ್ ನಗರದಲ್ಲಿ ತೆರೆಯಿತು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸ್ಪರ್ಧೆಯ ಪಟ್ಟಿಗೆ ಸೇರಿದ ಈ ಕ್ರೀಡೆಗೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೋಲ್ಡರಿಂಗ್, ಲೀಡ್, ಸ್ಪೀಡ್ ಎಂಬ ಮೂರು ವಿಭಾಗಗಳಿಗೂ ಪ್ರತ್ಯೇಕ ಪದಕಗಳು ನಿಗದಿಯಾಗಿರುವುದರಿಂದ, ಈ ಭಾಗದ ಮಕ್ಕಳಿಗೆ ಇದು ಮನೆಯಂಗಳದ ಆಟವಾಗುತ್ತಿದೆ.

ಹತ್ತಿರದಿಂದ ನೋಡಿದರೆ ಗೋಡೆಯ ರಚನೆ ಸರಳವಾಗಿದೆ. ಪ್ಲೈವುಡ್ ಹಲಗೆಗಳಲ್ಲಿ ಸಾಲುಸಾಲಾಗಿ ತೂತುಗಳನ್ನು ಕೊರೆದು, ಆ ತೂತುಗಳಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಗಳನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಕೈ ತುಂಬ ಸಿಗುವ ದೊಡ್ಡ ಹಿಡಿಗೆ ‘ಜಗ್’, ಬೆರಳ ತುದಿ ಮಾತ್ರ ನಿಲ್ಲುವ ಸಣ್ಣ ಅಂಚಿಗೆ ‘ಕ್ರಿಂಪ್’, ಅಂಚೇ ಇಲ್ಲದೆ ಬೋರಲು ಹಾಕಿದ ಬೋಗುಣಿಯಂತಿರುವುದಕ್ಕೆ ‘ಸ್ಲೋಪರ್’, ಹೆಬ್ಬೆರಳನ್ನೂ ಉಳಿದ ಬೆರಳುಗಳನ್ನೂ ಸೇರಿಸಿ ಚಿವುಟಿದಂತೆ ಹಿಡಿಯಬೇಕಾದುದಕ್ಕೆ ‘ಪಿಂಚ್’ ಎಂಬ ಹೆಸರುಗಳಿವೆ. ಒಂದೇ ಬಣ್ಣದ ಹಿಡಿಗಳನ್ನು ಅನುಸರಿಸಿ ಮೇಲೇರಿದರೆ ಅದು ಒಂದು ದಾರಿ. ಈ ದಾರಿಗಳನ್ನು ಯೋಚಿಸಿ ಜೋಡಿಸುವ ‘ರೂಟ್ ಸೆಟ್ಟರ್’ಗಳು ಆಗಾಗ ಹಳೆಯವನ್ನು ಬಿಚ್ಚಿ ಹೊಸವನ್ನು ಕಟ್ಟುವುದರಿಂದ, ಹಳಬರಿಗೂ ಗೋಡೆ ಹಳತಾಗುವುದಿಲ್ಲ.

ಮೊದಲ ದಿನ

ಮೊದಲ ಬಾರಿ ಬರುವವರು ಎದುರಿಸುವ ಮೊದಲ ಕೆಲಸ ‘ವೇವರ್’ ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು. ಹತ್ತುವುದರಲ್ಲಿ ಅಪಾಯವಿದೆಯೆಂದು ತಿಳಿದೇ ಒಳಗೆ ಬರುತ್ತಿರುವುದಾಗಿ ಒಪ್ಪಿಕೊಳ್ಳುವ ಕಾನೂನಿನ ದಾಖಲೆ ಇದಾದ್ದರಿಂದ ಓದಿಯೇ ಸಹಿ ಮಾಡಬೇಕು. 18 ವರ್ಷ ತುಂಬದ ಮಕ್ಕಳ ಪರವಾಗಿ ತಂದೆ ಅಥವಾ ತಾಯಿ, ಇಲ್ಲವೇ ಕಾನೂನುಬದ್ಧ ಪೋಷಕರು ಸಹಿ ಹಾಕಬೇಕಾಗುವುದರಿಂದ, ಊರಿನಿಂದ ಬಂದ ಅಜ್ಜ ಅಜ್ಜಿಯರ ಜೊತೆ ಮಕ್ಕಳನ್ನು ಕಳಿಸುವವರು ಇದನ್ನು ಮೊದಲೇ ಮುಗಿಸಿಡುವುದು ಒಳ್ಳೆಯದು. ನಂತರ ಬಾಡಿಗೆಗೆ ಸಿಗುವ ಶೂಗಳನ್ನು ಆರಿಸಿಕೊಳ್ಳಬೇಕು. ಅಡಿಗೆ ನುಣುಪಾದ ರಬ್ಬರ್ ಇರುವ ಈ ಶೂಗಳು ಬೆರಳುಗಳನ್ನು ಒತ್ತಾಗಿ ಸೇರಿಸುವಷ್ಟು ಬಿಗಿಯಾಗಿರಬೇಕು, ಆದರೆ ನೋವು ಕೊಡಬಾರದು. ಬೆವರಿದ ಅಂಗೈ ಜಾರದಿರಲೆಂದು ಮೆಗ್ನೀಷಿಯಂ ಕಾರ್ಬೊನೇಟಿನ ಬಿಳಿ ಪುಡಿಯನ್ನು ಹಚ್ಚಿಕೊಳ್ಳುತ್ತಾರೆ. ಇದಕ್ಕೆ ‘ಚಾಕ್’ ಎನ್ನುತ್ತಾರಾದರೂ ಶಾಲೆಯ ಸೀಮೆಸುಣ್ಣವೇ ಬೇರೆ, ಇದೇ ಬೇರೆ.

ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಉಂಗುರ, ಬಳೆ, ಕಾಲುಂಗುರ, ಕೊರಳ ಸರ ಇವೆಲ್ಲವನ್ನೂ ಮನೆಯಲ್ಲಿ ಅಥವಾ ಲಾಕರಿನಲ್ಲಿ ಬಿಚ್ಚಿಟ್ಟೇ ಗೋಡೆಯ ಬಳಿ ಹೋಗಬೇಕು. ಬೀಳುವಾಗ ಉಂಗುರವು ಹಿಡಿಗೆ ಸಿಕ್ಕಿಕೊಂಡರೆ ಇಡೀ ದೇಹದ ಭಾರ ಆ ಒಂದು ಬೆರಳಿನ ಮೇಲೆ ಬಿದ್ದು, ಚರ್ಮವೇ ಕಿತ್ತುಬರುವಂತಹ ಗಾಯವಾಗಬಹುದು. ಬಿಗಿಯಾದ ಶೂವಿನೊಳಗೆ ಕಾಲುಂಗುರ ಒತ್ತಿ ಬೆರಳು ಬಾತುಕೊಳ್ಳಬಹುದು. ಉದ್ದ ಕೂದಲನ್ನು ಬಿಗಿಯಾದ ಜಡೆ ಹಾಕಿ ಮಡಚಿ ಕಟ್ಟಬೇಕು, ಏಕೆಂದರೆ ಹಗ್ಗದ ಉಪಕರಣಕ್ಕೆ ಸಿಕ್ಕಿಕೊಳ್ಳುವುದರಲ್ಲಿ ಕೂದಲೇ ಮುಂದು.

ಜಿಮ್‌ನಲ್ಲಿ ಮುಖ್ಯವಾಗಿ ಮೂರು ಬಗೆಯ ಹತ್ತುವಿಕೆ ಕಾಣಸಿಗುತ್ತದೆ. ಬೋಲ್ಡರಿಂಗ್‌ನಲ್ಲಿ ಹಗ್ಗವಿಲ್ಲ, ಗೋಡೆಯ ಎತ್ತರ ಸುಮಾರು 4ರಿಂದ 5 ಮೀಟರ್ ಇರುತ್ತದೆ, ಕೆಳಗೆ ದಪ್ಪನೆಯ ಮೆತ್ತೆ ಹಾಸಿರುತ್ತದೆ. ಇಲ್ಲಿ ಹತ್ತುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸುತ್ತಾರೆ: ಎರಡೂ ಪಾದಗಳ ಮೇಲೆ ಇಳಿದು, ಮಂಡಿ ಮಡಚಿ, ಗಲ್ಲವನ್ನು ಎದೆಗೆ ತಂದು ಬೆನ್ನಿನ ಮೇಲೆ ಉರುಳಬೇಕು, ಕೈಯೂರಿ ತಡೆಯಲು ಹೋದರೆ ಮಣಿಕಟ್ಟು ಮುರಿಯಬಹುದು. ಹತ್ತುತ್ತಿರುವವರ ಕೆಳಗೆ ಯಾರೂ ನಡೆಯಬಾರದು, ಕೂರಬಾರದು. ಚಿಕ್ಕ ಮಕ್ಕಳನ್ನು ಕರೆತಂದವರು ಒಂದು ಕ್ಷಣವೂ ಮರೆಯಬಾರದ ನಿಯಮ ಇದೇ.

ಎರಡನೆಯದು ಟಾಪ್ ರೋಪ್. ಹಗ್ಗವು ಗೋಡೆಯ ತುದಿಯ ಕಂಬಿಯನ್ನು ಬಳಸಿ ಕೆಳಗಿಳಿದು ಬಂದಿರುತ್ತದೆ. ಒಂದು ತುದಿ ಹತ್ತುವವರ ಸೊಂಟದ ಪಟ್ಟಿಗೆ, ಇನ್ನೊಂದು ಕೆಳಗೆ ನಿಂತು ಕಾಯುವವರ ಉಪಕರಣಕ್ಕೆ. ಕೆಳಗಿನವರು ಹಗ್ಗದ ಸಡಿಲನ್ನು ಎಳೆದುಕೊಳ್ಳುತ್ತ, ಮೇಲಿನವರು ಜಾರಿದರೆ ತಡೆಯುವ ಈ ಕೆಲಸಕ್ಕೆ ‘ಬಿಲೇ’ ಎಂದು ಹೆಸರು. ಮೂರನೆಯದಾದ ಲೀಡ್‌ನಲ್ಲಿ ಹತ್ತುವವರೇ ಹಗ್ಗವನ್ನು ಜೊತೆಗೆ ಒಯ್ದು ದಾರಿಯುದ್ದಕ್ಕೂ ಕೊಂಡಿಗಳಿಗೆ ಸಿಕ್ಕಿಸುತ್ತ ಹೋಗಬೇಕಾಗಿದ್ದು, ಅದು ಅನುಭವಿಗಳಿಗೆ ಮೀಸಲು. ಒಂಟಿಯಾಗಿ ಬಂದವರಿಗಾಗಿ, ಸಡಿಲನ್ನು ತಾನೇ ಸುತ್ತಿಕೊಂಡು ಬಿದ್ದಾಗ ನಿಧಾನವಾಗಿ ಕೆಳಗಿಳಿಸುವ ‘ಆಟೋ ಬಿಲೇ’ ಯಂತ್ರಗಳಿರುತ್ತವೆ. ಅದರ ಕೊಂಡಿಯನ್ನು ಸೊಂಟದ ಪಟ್ಟಿಗೆ ಸಿಕ್ಕಿಸಲು ಮರೆತು ಹತ್ತಿದವರು ಗಂಭೀರವಾಗಿ ಗಾಯಗೊಂಡಿರುವುದರಿಂದ, ನೆಲ ಬಿಡುವ ಮುನ್ನ ಕೊಂಡಿಯನ್ನು ಎರಡು ಬಾರಿ ಎಳೆದು ನೋಡುವುದು ಕಡ್ಡಾಯದ ಅಭ್ಯಾಸವಾಗಬೇಕು.

ಟಾಪ್ ರೋಪಿನಲ್ಲಿ ಜೋಡಿಗಳು ನೆಲ ಬಿಡುವ ಮುನ್ನ ನಡೆಸುವ ಪರೀಕ್ಷೆಯಲ್ಲಿ ಈ ವಿದ್ಯೆಯ ಸಾರವೇ ಅಡಗಿದೆ. ಹತ್ತುವವರು ಹಗ್ಗದಲ್ಲಿ ಎಂಟರ ಆಕಾರದ ಕುಣಿಕೆ ಹಾಕಿ, ತುದಿಯನ್ನು ಪಟ್ಟಿಯ ಎರಡು ಬಳೆಗಳಲ್ಲಿ ತೂರಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಪೋಣಿಸಿ ಗಂಟನ್ನು ಜೋಡಿಯಾಗಿಸುತ್ತಾರೆ. ಕಾಯುವವರು ಬೆರಳಿಟ್ಟು ಆ ಗಂಟಿನ ಎಳೆಗಳನ್ನು ಎಣಿಸುತ್ತಾರೆ. ಹತ್ತುವವರು ಕಾಯುವವರ ಉಪಕರಣದಲ್ಲಿ ಹಗ್ಗ ಸರಿಯಾಗಿ ಕೂತಿದೆಯೇ, ಕೊಂಡಿಯ ಬೀಗ ಬಿಗಿದಿದೆಯೇ ಎಂದು ಹಿಂಡಿ ನೋಡುತ್ತಾರೆ. ‘ಬಿಲೇ ಸಿದ್ಧವೇ?’ ಎಂಬ ಅರ್ಥದ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಬಂದ ನಂತರವೇ ಕಾಲು ನೆಲ ಬಿಡುತ್ತದೆ. ಸಿಬ್ಬಂದಿಯ ಮುಂದೆ ಈ ಕ್ರಮವನ್ನು ತಪ್ಪಿಲ್ಲದೆ ಮಾಡಿ ತೋರಿಸಿದವರಿಗೆ ಮಾತ್ರ ಬಿಲೇ ಮಾಡುವ ಅನುಮತಿ ಸಿಗುತ್ತದೆ. ಗಂಡ ಹೆಂಡತಿ, ತಾಯಿ ಮಗಳು ಒಬ್ಬರ ಜೀವವನ್ನು ಇನ್ನೊಬ್ಬರ ಕೈಗೆ ಹೀಗೆ ಪ್ರಜ್ಞಾಪೂರ್ವಕವಾಗಿ ಒಪ್ಪಿಸುವ ಆಟಗಳು ಹೆಚ್ಚಿಲ್ಲ.

ದಾರಿಗಳ ಕಷ್ಟವನ್ನು ಸೂಚಿಸುವ ಅಂಕಿಗಳು ಹೊಸಬರನ್ನು ಗೊಂದಲಕ್ಕೆ ಬೀಳಿಸಬಹುದು. ಬೋಲ್ಡರಿಂಗ್‌ನಲ್ಲಿ ವಿ0ಯಿಂದ ವಿ17ರವರೆಗಿನ ಶ್ರೇಣಿಯಿದ್ದು, ಹಗ್ಗದ ದಾರಿಗಳನ್ನು 5.0ಯಿಂದ 5.15ರವರೆಗೆ ಗುರುತಿಸುತ್ತಾರೆ. ಎರಡನೆಯ ಕ್ರಮವು ಯೊಸೆಮಿಟಿ ಕಣಿವೆಯ ಹೆಸರನ್ನು ಪಡೆದಿದ್ದರೂ ಅದು ರೂಪುಗೊಂಡದ್ದು 1950ರ ದಶಕದಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದ್ದೇ ಆದ ಟಾಕ್ವಿಟ್ಜ್ ಬಂಡೆಯ ಮೇಲೆ. 5.9ರ ನಂತರ 5.10 ಬರುವುದರಿಂದ ಇದನ್ನು ದಶಮಾಂಶವೆಂದು ಓದಬಾರದು. ಮೊದಲ ದಿನ ವಿ0 ಅಥವಾ 5.6ರ ಆಸುಪಾಸಿನ ದಾರಿಗಳೇ ಸಾಕು.

ಚಾಪೆಯ ಕೋಣೆ

ಮುಕ್ಕಾಲು ಗಂಟೆ ಹತ್ತಿದ ಹೊಸಬರು ಮೊದಲು ಸೋಲುವುದು ಮುಂಗೈಯಲ್ಲಿ. ಹಿಡಿಯನ್ನು ಬಿಗಿಯಾಗಿ ಒತ್ತಿದಾಗ ಮುಂಗೈಯ ಸ್ನಾಯುಗಳು ಸಂಕುಚಿಸಿ ರಕ್ತ ಸಂಚಾರಕ್ಕೆ ತಡೆಯಾಗುವುದರಿಂದ, ಕೈ ಕಲ್ಲಿನಂತಾಗಿ ಬೆರಳು ತಾನಾಗಿ ತೆರೆದುಕೊಳ್ಳುತ್ತದೆ. ಭಯಪಟ್ಟವರು ಉಸಿರು ಬಿಗಿಹಿಡಿಯುತ್ತಾರೆ, ಉಸಿರು ಬಿಗಿದವರು ಹಿಡಿಯನ್ನು ಬೇಕಾದುದಕ್ಕಿಂತ ಗಟ್ಟಿಯಾಗಿ ಒತ್ತುತ್ತಾರೆ. ಭಾರವನ್ನು ಕಾಲುಗಳ ಮೇಲೆ ಹಾಕಿ, ಸೊಂಟವನ್ನು ಗೋಡೆಯ ಹತ್ತಿರಕ್ಕೆ ತಂದು, ನೀಳವಾಗಿ ಉಸಿರಾಡುವುದೇ ಇದಕ್ಕೆ ಮದ್ದು. ಯೋಗದ ಕೋಣೆಯ ಉಪಯೋಗ ಇಲ್ಲಿಂದ ಆರಂಭವಾಗುತ್ತದೆ. ಹತ್ತುವವರ ಎಳೆಯುವ ಸ್ನಾಯುಗಳು ಬಲಿತು ಭುಜಗಳು ಮುಂದಕ್ಕೆ ಬಾಗುತ್ತ ಹೋದರೆ, ಚತುರಂಗ ದಂಡಾಸನ, ಭುಜಂಗಾಸನಗಳು ತಳ್ಳುವ ಸ್ನಾಯುಗಳಿಗೆ ಕೆಲಸ ಕೊಟ್ಟು ಎದೆಯನ್ನು ತೆರೆಯುತ್ತವೆ. ಬದ್ಧಕೋಣಾಸನವು ಸೊಂಟದ ಕೀಲುಗಳನ್ನು ಸಡಿಲಿಸಿ ಗೋಡೆಯ ಮೇಲೆ ಕಾಲನ್ನು ಎತ್ತರಕ್ಕಿಡಲು ನೆರವಾಗುತ್ತದೆ. ಬೆರಳುಗಳ ಸ್ನಾಯುರಜ್ಜುಗಳು ಮಾತ್ರ ಸ್ನಾಯುಗಳಿಗಿಂತ ಬಹಳ ನಿಧಾನವಾಗಿ ಬಲಗೊಳ್ಳುವುದರಿಂದ, ಅವುಗಳಿಗೆ ವಿಶ್ರಾಂತಿಯ ದಿನಗಳನ್ನು ಕೊಡದೆ ಬೇರೆ ಹಾದಿಯಿಲ್ಲ. ಬೆಳೆಯುವ ವಯಸ್ಸಿನ ಮಕ್ಕಳ ಬೆರಳ ಮೂಳೆಗಳಲ್ಲಿ ಇನ್ನೂ ಗಟ್ಟಿಯಾಗದ ಭಾಗಗಳಿರುವುದರಿಂದ, ಅವರು ಬೆರಳ ತುದಿಯಲ್ಲಿ ಜೋತಾಡುವ ಕಠಿಣ ತರಬೇತಿಗೆ ಆತುರಪಡಬಾರದು.

ತರಗತಿಗಳ ಪಟ್ಟಿಯಲ್ಲಿ ಹೆಚ್ಚಾಗಿ ಕಾಣುವ ‘ವಿನ್ಯಾಸ’ ಎಂಬುದು ಉಸಿರಿನ ಲಯಕ್ಕೆ ಆಸನಗಳನ್ನು ಹೆಣೆದು ನಿಲ್ಲದೆ ಸಾಗುವ ಕ್ರಮ; ‘ಯಿನ್’ ಎಂಬುದು ಒಂದೇ ಭಂಗಿಯಲ್ಲಿ ಕೆಲವು ನಿಮಿಷ ನಿಶ್ಚಲವಾಗಿರುವ ನಿಧಾನದ ಕ್ರಮ; ‘ರೆಸ್ಟೊರೇಟಿವ್’ ಎಂಬುದು ದಿಂಬು, ಕಂಬಳಿಗಳ ಆಸರೆಯಲ್ಲಿ ದಣಿವಾರಿಸಿಕೊಳ್ಳುವ ಕ್ರಮ. ಹತ್ತುವ ಮುನ್ನ ವಿನ್ಯಾಸ, ಹತ್ತಿದ ನಂತರ ಉಳಿದೆರಡರಲ್ಲಿ ಒಂದು ಹೊಂದುತ್ತದೆ. ದೇಹವನ್ನು ಮುಟ್ಟಿ ತಿದ್ದುವ ಮುನ್ನ ಒಪ್ಪಿಗೆ ಕೇಳುವುದು ಇಂದಿನ ಒಳ್ಳೆಯ ಶಿಕ್ಷಕರ ಪದ್ಧತಿಯಾಗಿದ್ದು, ಬೇಡವೆನ್ನುವ ಹಕ್ಕು ಪ್ರತಿಯೊಬ್ಬ ವಿದ್ಯಾರ್ಥಿಗೂ ಇದೆ.

ಈ ಕೋಣೆಯಲ್ಲಿ ಕೇಳಿಬರುವ ಆಸನಗಳ ಹೆಸರುಗಳ ಹಿಂದೆ ಕನ್ನಡ ನೆಲದ ಚರಿತ್ರೆಯಿದೆ. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿ, 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲಿಯೇ ಪ್ರಕಟಿಸಿದರು. ಅವರ ಶಿಷ್ಯೆ ಇಂದ್ರಾ ದೇವಿ 1940ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸಿನ ಹಾಲಿವುಡ್‌ನಲ್ಲಿ ಯೋಗಶಾಲೆ ತೆರೆದರು; ಇನ್ನೊಬ್ಬ ಶಿಷ್ಯ, ಹಾಸನದ ಬಳಿಯ ಕೌಶಿಕದ ಪಟ್ಟಾಭಿ ಜೋಯಿಸರು 1975ರಲ್ಲಿ ಅಮೆರಿಕಕ್ಕೆ ಮೊದಲ ಬಾರಿ ಬಂದಾಗ ಪಾಠ ಹೇಳಿದ್ದು ಸ್ಯಾನ್ ಡಿಯಾಗೋ ಕೌಂಟಿಯ ಕಡಲ ತೀರದ ಎನ್ಸಿನಿಟಾಸ್‌ನಲ್ಲಿ, ಎಂದರೆ ಫೋರ್ ಎಸ್ ರ್ಯಾಂಚಿನ ನೆರೆಯಲ್ಲಿ. ಅದೇ ಎನ್ಸಿನಿಟಾಸ್‌ನ ಶಾಲೆಗಳಲ್ಲಿ ಯೋಗ ಕಲಿಸುವುದು ಧರ್ಮಬೋಧನೆಯಾಗುತ್ತದೆಂದು ಕೆಲವು ಪೋಷಕರು ಹೂಡಿದ ದಾವೆಯನ್ನು 2013ರಲ್ಲಿ ನ್ಯಾಯಾಲಯ ತಳ್ಳಿಹಾಕಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು.

ಗೋಡೆಯಿಂದ ಬಂಡೆಗೆ

ಗೋಡೆಗೂ ಚಾಪೆಗೂ ಇರುವ ನಂಟನ್ನು ಒಬ್ಬ ವ್ಯಕ್ತಿಯ ಬದುಕಿನಲ್ಲಿ ಕಾಣಬಹುದು. ಜಗತ್ತಿನ ಶ್ರೇಷ್ಠ ಆರೋಹಿಗಳಲ್ಲಿ ಒಬ್ಬರಾದ ಕ್ಯಾಲಿಫೋರ್ನಿಯಾದ ಕ್ರಿಸ್ ಶರ್ಮಾ ಅವರ ತಂದೆ ತಾಯಿ ಬಾಬಾ ಹರಿದಾಸ್ ಎಂಬ ಯೋಗಗುರುವಿನ ಶಿಷ್ಯರಾಗಿದ್ದು, ಶರ್ಮಾ ಎಂಬ ಮನೆತನದ ಹೆಸರು ಆ ಬಳಗದಿಂದಲೇ ಬಂದಿತು. ತಾವು ಹಂಪಿಯ ಗುಂಡುಕಲ್ಲುಗಳನ್ನು ಹತ್ತಿದ್ದರ ಚಿತ್ರೀಕರಣದ ಮೂಲಕ ಹಂಪಿಯನ್ನು ಬೋಲ್ಡರಿಂಗ್ ಲೋಕಕ್ಕೆ ಪರಿಚಯಿಸಿದ ಅವರು, 2013ರಲ್ಲಿ ಲಾಸ್ ಏಂಜಲೀಸಿಗೂ ಸ್ಯಾನ್ ಡಿಯಾಗೋಗೂ ನಡುವಿನ ಸಾಂಟಾ ಆನಾದಲ್ಲಿ ತೆರೆದ ‘ಸೆಂಡರ್ ಒನ್’ ಜಿಮ್‌ನ ಸ್ಥಾಪಕರಲ್ಲಿ ಒಬ್ಬರು. ಹಂಪಿಯ ಕಣಶಿಲೆ, ಬಾದಾಮಿಯ ಕೆಂಪು ಮರಳುಗಲ್ಲು, ರಾಮನಗರ ಹಾಗೂ ಸಾವನದುರ್ಗದ ಹೆಬ್ಬಂಡೆಗಳು ಇಂದು ದೇಶವಿದೇಶಗಳ ಆರೋಹಿಗಳನ್ನು ಸೆಳೆಯುತ್ತಿವೆ. ರಜೆಗೆ ಊರಿಗೆ ಹೋಗುವ ಮಕ್ಕಳಿಗೆ ಈ ಬಂಡೆಗಳನ್ನು ತೋರಿಸಬೇಕು. ಚಿತ್ರದುರ್ಗದ ಕೋಟೆಗೋಡೆಯನ್ನು ಹಗ್ಗವಿಲ್ಲದೆ ಏರುವ ಜ್ಯೋತಿರಾಜ್ ಅವರ ಸಾಹಸವನ್ನು ಕಂಡು ಬೆರಗಾಗಬಹುದು, ಆದರೆ ಅನುಕರಿಸಬಾರದು. ಜಿಮ್‌ನ ಮೆತ್ತೆ, ಪರೀಕ್ಷಿಸಿದ ಕೊಂಡಿ ಯಾವುದೂ ಬಯಲಿನಲ್ಲಿ ಇರುವುದಿಲ್ಲವಾದ್ದರಿಂದ, ನುರಿತ ಮಾರ್ಗದರ್ಶಕರಿಲ್ಲದೆ ಬಂಡೆಗೆ ಕೈ ಹಾಕುವುದು ಸಲ್ಲದು.

ಹೊಸಬರು ಮಾಡಬೇಕಾದುದು ಇಷ್ಟೇ: ಮಂಡಿ, ಭುಜ, ಹೃದಯದ ತೊಂದರೆಯಿರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿ ಮುಂದುವರಿಯಬೇಕು, ಉಳಿದವರು ಜನಸಂದಣಿ ಕಡಿಮೆಯಿರುವ ವಾರದ ದಿನವೊಂದನ್ನು ಆರಿಸಿ, ಪರಿಚಯ ತರಗತಿಗೆ ಹೆಸರು ಕೊಟ್ಟು, ಯೋಗದ ತರಗತಿಯೂ ಅದೇ ಶುಲ್ಕದಲ್ಲಿ ಸೇರಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಮಕ್ಕಳನ್ನು ಬಿಟ್ಟು ಫೋನ್ ನೋಡುತ್ತ ಕಾಯುವ ಹೆತ್ತವರು ಒಮ್ಮೆ ತಾವೂ ಶೂ ಕಟ್ಟಿ ಗೋಡೆಯ ಮುಂದೆ ನಿಲ್ಲಲಿ. ಮಗಳ ಹಗ್ಗ ಹಿಡಿಯುವುದನ್ನು ತಾಯಿ ಕಲಿಯಲಿ, ತಾಯಿಯ ಗಂಟನ್ನು ಮಗಳು ಪರೀಕ್ಷಿಸಲಿ, ಕೊನೆಯಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ಚಾಪೆ ಹಾಸಿ ಶವಾಸನದಲ್ಲಿ ಮಲಗಲಿ.