ತಪಾಸಣೆಗೆ ಬಂದ 1,262 ಮಂದಿ

ಟಿ. ನಗರ ಎಂದರೆ ನಮ್ಮೂರಿನವರಿಗೆ ರೇಷ್ಮೆ ಸೀರೆ, ಚಿನ್ನ. ಚೆನ್ನೈನಲ್ಲೇ ನೆಲೆಸಿದ ನನಗೆ ಈಗ ಒಂದು ಸಂಶೋಧನಾ ಲೇಖನವೂ ನೆನಪಾಗುತ್ತದೆ.

ಮಧುಮೇಹ ತಜ್ಞ ಡಾ. ವಿ. ಮೋಹನ್ ಅವರ ತಂಡ ಟಿ. ನಗರ, ತಿರುಮಂಗಲಂನ ಎರಡು ಬಡಾವಣೆಗಳಲ್ಲಿ 20 ವರ್ಷ ದಾಟಿದ 1,399 ಜನರನ್ನು ತಪಾಸಣೆಗೆ ಕರೆಯಿತು. 1,262 ಮಂದಿ ಬಂದರು. ನೂರಕ್ಕೆ 11 ಮಂದಿಯಲ್ಲಿ ಹೃದಯದ ರಕ್ತನಾಳದ ಕಾಯಿಲೆ ಕಂಡಿತು. 2001ರಲ್ಲಿ ಅಮೆರಿಕದ ಹೃದ್ರೋಗ ಪತ್ರಿಕೆಯಲ್ಲಿ ಅಚ್ಚಾದ ಆ ಲೇಖನವನ್ನು ಎಷ್ಟೋ ಸಂಶೋಧಕರು ಉಲ್ಲೇಖಿಸಿದ್ದಾರೆ.

ಸಂಶೋಧಕರ ತೂಕವನ್ನು ಎಚ್-ಇಂಡೆಕ್ಸ್‌ನಲ್ಲಿ ಅಳೆಯುತ್ತಾರೆ: ತಲಾ 50 ಸಲವಾದರೂ ಉಲ್ಲೇಖಗೊಂಡ 50 ಲೇಖನಗಳಿದ್ದರೆ ಅಂಕ 50. ರಕ್ತ ಕೊಟ್ಟವರು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅವರಿಲ್ಲದೆ ಲೇಖನವೇ ಇಲ್ಲ.

ಅಂದು ನನ್ನನ್ನು ಕರೆದಿದ್ದರೆ, ಆಫೀಸಿಗೆ ಹೊತ್ತಾಯಿತೆಂದು ಬಾರದ 137 ಜನರ ಜೊತೆ ಸೇರುತ್ತಿದ್ದೆ. ಮುಂದೆ ಕರೆದರೆ ಹೋಗುತ್ತೇನೆ. ನೀವೂ ಹೋಗಿ.